ಬಂಡೆಗಲ್ಲಿಗೆ ಒರಗಿದ ಮನಿ

ಕೊಪ್ಪಳದ ಗುಡ್ಡದ ಇಳಿಜಾರಿನಾಗ ಯಮನೂರಮ್ಮಗ ಜಾಗಾ ಅಗ್ಗಕ್ಕ ಸಿಕ್ಕಿದ್ದು ಸುಮ್ಮನಲ್ಲ. ನಟ್ಟನಡುವ ಆನಿಯಂಥ ಬಂಡೆಗಲ್ಲು ಕುಂತಿತ್ತು. ಇಪ್ಪತ್ತು ವರ್ಷ ಸಾಲ್ಯಾಗ ಬಿಸಿಯೂಟ ಬೇಯಿಸಿ ಕೂಡಿಸಿದ ರೊಕ್ಕದಾಗ ಅರ್ಧ ಜಾಗಕ್ಕ ಹೋಗಿತ್ತು. ಇನ್ನರ್ಧದಾಗ ಮನಿ ಏಳಬೇಕು. ಕೆಟ್ಟರ ಇನ್ನೊಮ್ಮೆ ಕಟ್ಟೋ ತಾಕತ್ತು ಆಕಿಗಿರಲಿಲ್ಲ.

ಗೌಂಡಿ ಟಿಪ್ಪುಸಾಬ ನೋಡಿದವನೇ, "ಅಕ್ಕಾರ, ಮೊದಲ ಈ ಕಲ್ಲು ಒಡಸ್ರಿ" ಅಂದ.

"ಒಡಸಿದ್ರ ಮನಿಗೆ ಏನುಳೀತೈತಿ? ಇದನ್ನ ಹಿಂದಿನ ಗ್ವಾಡಿ ಮಾಡ್ಕೋತೀನಿ."

"ಗುಡ್ಡದ ನೀರು ನಿಮ್ಮನ್ನ ಕೇಳಿ ಇಳೀತೈತೇನ್ರಿ? ಮೊದಲ ಮಳಿಗೇ ಒಲಿಯಾಗ ಮೀನು ಹಿಡೀತೀರಿ!"

ಯಮನೂರಮ್ಮ ಆ ಮಳಿಗಾಲ ಪೂರ್ತಿ, ಮೋಡ ಕವಿದಾಗೆಲ್ಲ ತಲಿಮ್ಯಾಲ ಗೋಣಿಚೀಲ ಹೊತ್ಕೊಂಡು ಹೋಗಿ ಜಾಗದಾಗ ಕುಂತಳು. ನೀರು ಎಲ್ಲಿಂದ ಬರ್ತೈತಿ, ಕಲ್ಲಿಗೆ ಬಡಿದು ಯಾವ ಮಗ್ಗಲಿಗೆ ಹೊಳ್ಳತೈತಿ ಅಂತ ನೋಡಿ, ಹರಿದಲ್ಲೆಲ್ಲ ಗೂಟ ಬಡಿದು ಹಳೇ ಸೀರಿ ಚೂರು ಕಟ್ಟಿದಳು. ಓಣಿಯ ಮಂದಿ, ಕಲ್ಲಿಗೆ ಹರಕಿ ಹೊತ್ತಾಳ ಅಂದ್ಕೊಂಡ್ರು. ಯಾರೋ ಕುಂಕುಮ ಹಚ್ಚಿ ಕಾಯಿ ಒಡೆದು ಹೋಗಿದ್ರು. ಆ ಕಾಯಿ ಸಂಜಿಗೆ ಯಮನೂರಮ್ಮನ ಚಟ್ನಿಯಾತು.

ಮಳಿ ನಿಂತಮ್ಯಾಲ ಬೂದಿಲೇ ನೆಲದ ಮ್ಯಾಲ ಗೆರಿ ಎಳೆದು ಟಿಪ್ಪುಸಾಬಗ ತೋರಿಸಿದಳು. ಗೂಟ ಇದ್ದಲ್ಲಿ ಕಾಲುವಿ, ಇಲ್ಲದಲ್ಲಿ ಮನಿ. ನೆಲ ಸಮ ಮಾಡೋ ಖರ್ಚಿಲ್ಲ, ಪಡಸಾಲಿಯಿಂದ ಮೂರು ಮೆಟ್ಟಲ ಏರಿದ್ರ ಅಡಗಿಮನಿ. ಕಂಬಿಲ್ಲ, ಕಮಾನಿಲ್ಲ. ಮುಂದಕ್ಕ ಚಾಚಿದ ಸಪಾಟ ಮಾಳಗಿ, ಗುಜರಿಯಾಗ ಸಿಕ್ಕ ಅಗಲ ಗಾಜಿನ ಕಿಟಕಿ. ಬಂಡೆಗಲ್ಲಿನ ನೆತ್ತಿಗೆ ಮಾತ್ರ, ಅಲ್ಲಿ ಬಿದ್ದ ನೀರು ಎರಡೂ ಕಡೆ ಹೊಳ್ಳಲಿ ಅಂತ, ಬೆರಳಗಲ ಗೀರು ಕೊರಸಿದಳು.

ಮನಿ ಮುಗಿದ ದಿನ ಎದುರುಮನಿ ಸಣ್ಣವ್ವ ನಕ್ಕಳು: "ಬಸ್‌ಸ್ಟ್ಯಾಂಡ್ ಕಟ್ಟೀಯೇನಬೇ? ಕುಷ್ಟಗಿ ಬಸ್ಸು ಎಷ್ಟಕ್ಕ ಬರ್ತೈತಿ?"

"ಬರ್ತೈತಿ, ಕುಂಡ್ರು. ಅಲ್ಲೀತನ ಚಾ ಕುಡಿ."

ಜೂನಿನಾಗ ಹೊಡೀತು ನೋಡ್ರಿ ಮಳಿ! ಗುಡ್ಡದ ಕೆಂಪುನೀರು ಧೋ ಅಂತ ಇಳಿದು, ಕಲ್ಲಿಗೆ ಬಡಿದು ಸೀಳಿ, ನೆತ್ತಿಯ ಗೀರಿನ ನೀರನ್ನೂ ಕೂಡಿಸಿಕೊಂಡು, ಎರಡೂ ಕಾಲುವಿ ಹಿಡಿದು ಓಡಿತು. ಟಿಪ್ಪುಸಾಬ ತೊಯ್ಸಿಕೊಂಡು ಗಾಡಿ ಮ್ಯಾಲ ಬಂದ. ಒಳಗ ಬಂದು ಕೈ ಒರೆಸಿಕೊಂಡು, ಕಲ್ಲು ಗ್ವಾಡಿ ಕೂಡೋ ಸಂದಿನುದ್ದಕ್ಕೂ ಅಂಗೈ ಆಡಿಸಿದ. ಕೈಗೆ ಹತ್ತಿದ್ದು ಒಣ ಸಿಮೆಂಟಿನ ಧೂಳು.

"ಮೀನು ಹಿಡಿಯಾಕ ಬಂದೇನೋ ತಮ್ಮಾ?" ಮೂರು ಮೆಟ್ಟಲ ಮ್ಯಾಲಿಂದ ಯಮನೂರಮ್ಮ ಕೇಳಿದಳು.

ಟಿಪ್ಪುಸಾಬ ಹಲ್ಲು ಕಿರಿದು ತಲಿ ಕೆರಕೊಂಡ. "ಮುನಿರಾಬಾದಿನಾಗ ಒಬ್ಬರದು ಇಂಥದೇ ಇಳಿಜಾರು ಜಾಗಾ ಐತ್ರಿ ಅಕ್ಕಾರ. ನಾಳಿ ಬಂದು ಗೆರಿ ಎಳೆದು ಕೊಡ್ತೀರೇನು?"

"ನಾಳಿ ಮಳಿ ಐತೇನು?"

"ಇಲ್ಲಂತ್ರಿ."

"ಹಂಗಾದ್ರ ಮಳಿ ಇದ್ದ ದಿನ ಕರಿ" ಅಂದಳು, ಗೋಣಿಚೀಲ ಮಡಚಿ ಬಾಗಿಲ ಹಿಂದ ತೂಗುಹಾಕುತ್ತ.