ಕುರ್ಚಿಯ ಮೇಲೆ ಚಕ್ಕಳಮಕ್ಕಳ

ಆಗಿನ್ನೂ ಇಂಡಿಯಾಕ್ಕೆ ಫೋನ್ ಮಾಡಬೇಕೆಂದರೆ ಕಾಲಿಂಗ್ ಕಾರ್ಡಿನ ಹಿಂದಿನ ಬೂದು ಪಟ್ಟಿಯನ್ನು ನಾಣ್ಯದಿಂದ ಕೆರೆದು, ಮಾರುದ್ದ ನಂಬರು ಒತ್ತಿ, ಆ ಕಡೆ ಯಾರಾದರೂ ಎತ್ತಲಪ್ಪಾ ಎಂದು ಕಾಯುವ ಕಾಲ. ಡೆಟ್ರಾಯ್ಟ್ ಹತ್ತಿರದ ಕ್ಯಾಂಟನ್ನಿನ ನಮ್ಮ ಬಡಾವಣೆಯಲ್ಲಿ ಕನ್ನಡದ ಮನೆ ನಮ್ಮದೊಂದೇ. ನನಗೆ ಹತ್ತು ವರ್ಷ. ಆ ಚಳಿಗಾಲದಲ್ಲಿ ನಾನೊಂದು ಘನಕಾರ್ಯ ಮಾಡಿದೆ. ಅದನ್ನು ಇಲ್ಲಿಯವರೆಗೆ ಎಷ್ಟು ಜನಕ್ಕೆ ಹೇಳಿದ್ದೇನೆಂದರೆ, ನಾನು ಬಾಯಿ ತೆರೆದ ಕೂಡಲೇ ನನ್ನ ಗಂಡ ಪಾತ್ರೆ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತಾನೆ. ಇವತ್ತು ನೀವು ಸಿಕ್ಕಿದ್ದೀರಿ.

ಆ ವರ್ಷ ಅಕ್ಟೋಬರಿನಲ್ಲಿ ಮೈಸೂರಿನಿಂದ ನನ್ನ ಅಜ್ಜಿ, ಅಂದರೆ ಅಮ್ಮನ ಅಮ್ಮ, ಆರು ತಿಂಗಳಿಗೆಂದು ಬಂದರು. ಅಪ್ಪ ಕಾರಿನ ಕಂಪನಿಯ ಕೆಲಸಕ್ಕೆ, ಅಮ್ಮ ಕಾಲೇಜಿಗೆ. ಇಬ್ಬರೂ ಮನೆಗೆ ಬರುವುದು ಆರು ಗಂಟೆಗೆ. ಮೂರೂವರೆಗೆ ನಾನು ಸ್ಕೂಲ್ ಬಸ್ಸಿನಿಂದ ಇಳಿಯುವ ಹೊತ್ತಿಗೆ ಅಜ್ಜಿ ಸೀರೆಯ ಮೇಲೆ ಅಪ್ಪನ ಜಾಕೆಟ್ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದರು. ಬಂದ ಮೊದಲ ವಾರವೇ ಅಪ್ಪನ ಕೈಲಿ ಇಂಡಿಯನ್ ಸ್ಟೋರಿನಿಂದ ಕೇರಂ ಬೋರ್ಡ್ ತರಿಸಿ ಬೇಸ್‌ಮೆಂಟಿನ ಕಾರ್ಪೆಟ್ ಮೇಲೆ ಹಾಕಿಸಿಕೊಂಡಿದ್ದರು. ಮೈಸೂರಿನ ವಠಾರದಲ್ಲಿ ಗಂಡಸರೂ ಇವರ ಎದುರು ಕೂರಲು ಹೆದರುತ್ತಿದ್ದರಂತೆ. ನೆರಿಗೆ ಸಿಕ್ಕಿಸಿ, ಚಕ್ಕಳಮಕ್ಕಳ ಹಾಕಿ ಕೂತರೆ ಅರ್ಧ ಗಂಟೆ ಅಲುಗಾಡುತ್ತಿರಲಿಲ್ಲ. ನನ್ನನ್ನೂ ಹಾಗೇ ಕೂರಿಸಿ ಕಲಿಸಿದರು. ತಿಂಗಳೊಳಗೆ ನನ್ನ ತೋರುಬೆರಳಿನ ಉಗುರು ನೀಲಿಯಾಯಿತು. ಅಮ್ಮ ಗಾಬರಿಯಾದರು. ಅಜ್ಜಿ ಅದಕ್ಕೆ ಅರಿಶಿನ ಹಚ್ಚಿ, ಮತ್ತೆ ಹೊಡಿ ಎಂದರು.

ನಮ್ಮ ಪಕ್ಕದ ಮನೆಯಲ್ಲಿ ಜೀನ್ ಆಂಟಿ ಒಬ್ಬರೇ ಇದ್ದರು. ಎಪ್ಪತ್ತು ದಾಟಿದ್ದರೂ ಹಿಮ ತೋಡುವ ಸಲಿಕೆ ಹಿಡಿದರೆ ಅಪ್ಪನಿಗಿಂತ ಮೊದಲು ಡ್ರೈವ್‌ವೇ ಖಾಲಿ ಮಾಡುತ್ತಿದ್ದರು. ಹುಟ್ಟಿದ್ದು ಡೆಟ್ರಾಯ್ಟ್ ನದಿಯಾಚೆ, ಕೆನಡಾದ ಒಂಟಾರಿಯೋದ ಒಂದು ಹೊಲಮನೆಯಲ್ಲಿ. ಮದುವೆಯಾಗಿ ಈ ದಡಕ್ಕೆ ಬಂದು ಐವತ್ತು ವರ್ಷವಾಗಿತ್ತು, ಆದರೂ 'ನಮ್ಮ ಕಡೆ' ಎಂದರೆ ಅವರಿಗೆ ಆ ದಡವೇ. ಗಂಡ ತೀರಿಕೊಂಡು ಎರಡು ವರ್ಷ. ಒಂದು ಮಧ್ಯಾಹ್ನ ಅವರು ಬೆಣ್ಣೆ, ಬೆಲ್ಲದ ಬಣ್ಣದ ಸಕ್ಕರೆ ತುಂಬಿ ಬೇಯಿಸಿದ ಪುಟ್ಟ ಬಟರ್ ಟಾರ್ಟ್‌ಗಳನ್ನು ತಟ್ಟೆಯಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದರು. ಮೊಟ್ಟೆ ಇದೆ ಎಂದು ತಿಳಿದು ಅಜ್ಜಿ ಮುಟ್ಟಲಿಲ್ಲ, ಮೂಗಿನ ಹತ್ತಿರ ಹಿಡಿದು ಮೂಸಿ ನನಗೆ ಕೊಟ್ಟರು. ನಾನು ನಾಲ್ಕು ತಿಂದೆ. ಅದಾದ ಮೇಲೆ ದಿನವೂ ಮೂರೂವರೆಯಿಂದ ಆರರವರೆಗೆ ನಾವು ಅವರ ಮನೆಯಲ್ಲೇ ಇರುತ್ತಿದ್ದೆವು.

ಅಜ್ಜಿ, ಜೀನ್ ಆಂಟಿ, ಒಬ್ಬರ ಮಾತು ಇನ್ನೊಬ್ಬರಿಗೆ ಬರುತ್ತಿರಲಿಲ್ಲ. ನಡುವೆ ನಾನು. ಜೀನ್ ಆಂಟಿ ಹೇಳುತ್ತಿದ್ದ ಶನಿವಾರಗಳು ನನಗೆ ಈಗಲೂ ಬಾಯಿಪಾಠ. ಅಡುಗೆಮನೆಯ ಒಲೆ ಪಕ್ಕ ತಗಡಿನ ತೊಟ್ಟಿಯಲ್ಲಿ ಚಿಕ್ಕವರಿಂದ ದೊಡ್ಡವರವರೆಗೆ ಸಾಲಾಗಿ ಸ್ನಾನ, ಆಮೇಲೆ ಬೇಯಿಸಿದ ಬೀನ್ಸ್ ಕಾಳು, ಆಮೇಲೆ ರೇಡಿಯೋದಲ್ಲಿ ಐಸ್ ಹಾಕಿ ಪಂದ್ಯದ ವಿವರಣೆ. ಅವರ ಅಪ್ಪ ಬೆರಳೆತ್ತಿದರೆ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ. ಬೆಳಗಾದರೆ ಮಕ್ಕಳು ಅಂಗಡಿಯ ದಪ್ಪ ಕ್ಯಾಟಲಾಗನ್ನು ಪೆಟ್ಟು ಬೀಳದಂತೆ ಮೊಣಕಾಲಿನ ಕೆಳಗೆ ಕಟ್ಟಿಕೊಂಡು ಐಸ್ ಹಾಕಿ ಆಡಲು ಹೆಪ್ಪುಗಟ್ಟಿದ ಕೆರೆಗೆ ಓಡುವುದು. ಚೆಂಡಿನ ಬದಲು ಹೊಡೆಯುವ ರಬ್ಬರ್ ಬಿಲ್ಲೆ, ಪಕ್, ಕಳೆದುಹೋದರೆ ಗಟ್ಟಿಯಾದ ಕುದುರೆ ಲದ್ದಿಯೇ ಪಕ್.

ಇದನ್ನು ನಾನು ಕನ್ನಡದಲ್ಲಿ ಹೇಳಿದಾಗ ಅಜ್ಜಿ ಕಣ್ಣರಳಿಸಿದರು. "ಕುದುರೆ ಲದ್ದೀನಾ? ನಾವು ಸಗಣಿ ಬೆರಣಿ ತಟ್ತಿದ್ವಿ ಕಣೇ, ಆಟ ಆಡ್ತಿರ್ಲಿಲ್ಲ. ಇವರು ನಮಗಿಂತ ಜೋರು."

ಜನವರಿಯ ಒಂದು ದಿನ ಜೀನ್ ಆಂಟಿ ಕಂಬಳಿಯಲ್ಲಿ ಸುತ್ತಿದ್ದ ದೊಡ್ಡದೊಂದು ದುಂಡು ಹಲಗೆಯನ್ನು ತಂದು ಊಟದ ಮೇಜಿನ ಮೇಲಿಟ್ಟರು. ಕ್ರೋಕಿನೋಲ್ ಎಂದರು. ಅವರ ಅಪ್ಪ ಕೊಟ್ಟಿಗೆಯ ಹಳೇ ಬಾಗಿಲು ಕೊಯ್ದು ಮಾಡಿದ್ದಂತೆ. ನಡುವೆ ಒಂದು ಕುಳಿ, ಕುಳಿಯ ಸುತ್ತ ಎಂಟು ಗೂಟ, ಅಂಚಿನಲ್ಲಿ ಸತ್ತ ಬಿಲ್ಲೆಗಳು ಬೀಳಲು ಒಂದು ಕಾಲುವೆ. ಬೆರಳಿನಿಂದ ಬಿಲ್ಲೆ ಹೊಡೆಯುವುದು. ಅಜ್ಜಿ ಒಮ್ಮೆ ನೋಡಿ, "ಅಯ್ಯೋ, ಕೇರಮ್ಮೇ! ಮೂಲೆ ಮಾತ್ರ ಮರ್ತಿದಾರೆ" ಎಂದರು. ನಾವು ಸ್ವೆಟರ್ ತೆಗೆಯುವಷ್ಟರಲ್ಲಿ ಜೀನ್ ಆಂಟಿಯ ಬಚ್ಚಲಿನಿಂದ ಪೌಡರ್ ಡಬ್ಬಿ ತಂದು ಹಲಗೆಯ ತುಂಬ ಉದುರಿಸಿಬಿಟ್ಟರು.

ಆ ಹಲಗೆಗೆ ಐವತ್ತು ಅರವತ್ತು ವರ್ಷಗಳಿಂದ ಮೇಣ ತಿಕ್ಕಿ ತಿಕ್ಕಿ ಕನ್ನಡಿಯಂತೆ ಮಾಡಿದ್ದರು. ಮೇಣದ ಮೇಲೆ ಪೌಡರ್ ಬಿದ್ದು, ಅಜ್ಜಿ ಅಂಗೈಯಲ್ಲಿ ಸವರಿದ್ದೇ ಇಡೀ ಹಲಗೆ ಅಂಟಂಟಾಯಿತು. ಜೀನ್ ಆಂಟಿಯ ಮುಖ ಬಿಳಿಚಿಕೊಂಡಿತು.

"ಪೌಡರ್ ಹಾಕ್ದೆ ಆಡೋದು ಹೇಗೆ ಅಂತ ಕೇಳು" ಎಂದರು ಅಜ್ಜಿ, ಆದರೆ ದನಿ ಇಳಿದಿತ್ತು. ನಾನು ಅದನ್ನು ಕೇಳಲಿಲ್ಲ. "ಶಿ ಈಸ್ ಸಾರಿ" ಎಂದೆ.

ಮೂವರೂ ಸೇರಿ ಎರಡು ಗಂಟೆ ಒರೆಸಿದೆವು. ಒರೆಸುತ್ತಲೇ ಜೀನ್ ಆಂಟಿ ವಿಷಯ ಹೇಳಿದರು. ಡೆಟ್ರಾಯ್ಟಿನ ಸುತ್ತಮುತ್ತ ಇರುವ ಹಳೇ ಕೆನಡಾದವರು ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ, ಒಂದು ಚರ್ಚಿನ ಬೇಸ್‌ಮೆಂಟಿನಲ್ಲಿ ಸೇರುತ್ತಾರೆ. ಅಲ್ಲಿ ಜೀನ್ ಆಂಟಿಗೂ ಅವರ ತಮ್ಮ ರಾನ್‌ಗೂ ಪ್ರತಿ ವರ್ಷ ಜೋಡಿ ಆಟ, ಗೆದ್ದವರ ಮನೆಯಲ್ಲಿ ಒಂದು ವರ್ಷ ಅಪ್ಪನ ಹಲಗೆ. ಕೊನೆಯ ಸಲ ಜೀನ್ ಆಂಟಿ ಮತ್ತು ಗಂಡ ಗೆದ್ದಿದ್ದರು. ಗಂಡ ತೀರಿಕೊಂಡ ಮೇಲೆ ರಾನ್ ಎರಡು ವರ್ಷ ಸುಮ್ಮನಿದ್ದ. ಈಗ ವಸಂತಕ್ಕೆ ಅವನು ಫ್ಲಾರಿಡಾಕ್ಕೆ ಹೊರಟಿದ್ದಾನೆ. ಇದೇ ಕೊನೆಯ ಆಟ, ಗೆದ್ದವರಿಗೆ ಹಲಗೆ ಖಾಯಂ. ಜೀನ್ ಆಂಟಿಗೆ ಜೋಡಿ ಇಲ್ಲ.

ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿ ನನ್ನ ನೀಲಿ ಉಗುರನ್ನು ಎತ್ತಿ ಜೀನ್ ಆಂಟಿಗೆ ತೋರಿಸಿದರು.

ನಾಲ್ಕು ವಾರ ಅಭ್ಯಾಸ. ಕೇರಂ ಬೆರಳಿಗೆ ಕುಳಿ ಕಂಡರೆ ಸಾಕು, ಅಲ್ಲಿಗೇ ಓಡುತ್ತದೆ. ಕ್ರೋಕಿನೋಲಿನಲ್ಲಿ ಹಾಗಲ್ಲ, ಎದುರಾಳಿಯ ಬಿಲ್ಲೆ ಹಲಗೆಯ ಮೇಲಿದ್ದರೆ ಮೊದಲು ಅದನ್ನು ತಾಕಬೇಕು. ತಾಕದಿದ್ದರೆ ನಮ್ಮ ಬಿಲ್ಲೆ ಕಾಲುವೆಗೆ. ಇನ್ನೊಂದು ನಿಯಮವಂತೂ ಕೇಳಿ ನಾನು ನಕ್ಕೂ ನಕ್ಕೂ ಸುಸ್ತಾಗಿದ್ದೆ. ಹೊಡೆಯುವಾಗ ಕುಂಡಿ ಕುರ್ಚಿಯಿಂದ ಪೂರಾ ಏಳಬಾರದು, ಒಂದು ಪಕ್ಕವಾದರೂ ತಾಕಿರಬೇಕು. ಅಜ್ಜಿಗೆ ಇದು ಬಹಳ ಹಿಡಿಸಿತು. "ಶಿಸ್ತು ಅಂದ್ರೆ ಇದು" ಎಂದರು.

ಆಟದ ದಿನ ಶನಿವಾರ, ಹೊರಗೆ ಎಂಟು ಡಿಗ್ರಿ ಫ್ಯಾರನ್‌ಹೀಟ್, ಮೂಳೆ ಕೊರೆಯುವ ಚಳಿ. ಚರ್ಚಿನ ಬೇಸ್‌ಮೆಂಟಿನ ಮೆಟ್ಟಿಲಿಳಿದರೆ ಬಟಾಣಿ ಸೂಪು, ಒದ್ದೆ ಉಣ್ಣೆ, ಕಾಫಿಯ ವಾಸನೆ. ಸುಮಾರು ಐವತ್ತು ಜನ ಮುದುಕ ಮುದುಕಿಯರು. ಬಟರ್ ಟಾರ್ಟಿಗೆ ಒಣದ್ರಾಕ್ಷಿ ಹಾಕಬೇಕೋ ಬೇಡವೋ ಎಂದು ಎರಡು ಪಂಗಡವಾಗಿ ಕೈ ಬೀಸಿ ಜಗಳವಾಡುತ್ತಿದ್ದರು. ಒಬ್ಬರು ಹಳೇ ಹಾಕಿ ಆಟಗಾರರ ಹೆಸರನ್ನು ಮಂತ್ರದಂತೆ ಒಪ್ಪಿಸುತ್ತಿದ್ದರು. ಹಿಂದಿನ ಬಾಗಿಲಲ್ಲಿ ಬಕೆಟ್ಟಿನಲ್ಲಿ ಹೊಸ ಹಿಮ ತುಂಬಿ, ಅದರ ಮೇಲೆ ಕುದಿಯುವ ಮೇಪಲ್ ಪಾಕ ಸುರಿದು, ಗಟ್ಟಿಯಾದದ್ದನ್ನು ಕಡ್ಡಿಗೆ ಸುತ್ತಿ ಕೊಡುತ್ತಿದ್ದರು. ಅಜ್ಜಿ ಪಾತ್ರೆಯಿಂದ ಒಂದು ತೊಟ್ಟನ್ನು ಬೆರಳ ನಡುವೆ ಎಳೆದು ನೋಡಿ, "ಇನ್ನೂ ಒಂದೆಳೆ ಬರ್ಲಿ ಅನ್ನು" ಎಂದು ಅಪ್ಪಣೆ ಕೊಟ್ಟರು. ನಾನು ಹೇಳಿದೆ. ಪಾಕ ಕಾಯಿಸುತ್ತಿದ್ದವರು ಒಲೆ ಜೋರು ಮಾಡಿದರು.

"ಇದೇನೇ, ನಮ್ಮ ಕನ್ನಡ ಕೂಟದ ಹಾಗೇ ಇದೆ" ಎಂದರು ಅಜ್ಜಿ. "ಬರೀ ಬಿಸಿಬೇಳೆಬಾತ್ ಇಲ್ಲ."

ರಾನ್ ಆರಡಿಯ ಆಳು. ಅವನ ಹೆಂಡತಿ ಅವನ ಜೋಡಿ. ನನ್ನನ್ನು ನೋಡಿ ಅಕ್ಕನಿಗೆ, "ಜೀನ್, ಇದು ನಿನ್ನ ಜೋಡಿಯೋ, ಬಿಲ್ಲೆ ಹೆಕ್ಕಿ ಕೊಡೋಕೆ ಬಂದಿರೋದೋ?" ಎಂದ. ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು.

ಒಟ್ಟು ನಾಲ್ಕು ಸುತ್ತು. ಮೊದಲ ಸುತ್ತನ್ನು ಜೀನ್ ಆಂಟಿ ಒಬ್ಬರೇ ಗೆದ್ದುಕೊಟ್ಟರು. ಎರಡನೆಯದರಲ್ಲಿ ನನ್ನ ಗ್ರಹಚಾರ ಶುರುವಾಯಿತು. ಚರ್ಚಿನ ಮೇಜು ಎತ್ತರ, ನನ್ನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಗುರಿ ಕಾಣಬೇಕೆಂದು ಮುಂದೆ ಬಾಗಿದ ಕೂಡಲೇ ಕುಂಡಿ ತಾನಾಗಿ ಎದ್ದುಬಿಡುತ್ತಿತ್ತು. ಕೆಂಪು ಕಪ್ಪು ಚೌಕಳಿ ಅಂಗಿಯ ಒಬ್ಬ ಅಜ್ಜ ಅಂಪೈರ್, ಅವರ ಕೆಲಸವೇ ಕುರ್ಚಿ ನೋಡುವುದು. "ಎದ್ದಳು" ಎಂದರು, ನನ್ನ ಬಿಲ್ಲೆ ಕಾಲುವೆಗೆ ಹೋಯಿತು. ಮತ್ತೆ ಎದ್ದೆ. ಮೂರನೆಯ ಸಲವೂ ಎದ್ದೆ. ಆ ಸುತ್ತು ಹೋಯಿತು. ಜೀನ್ ಆಂಟಿ ಹಲಗೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಕೂತರು. ಅದನ್ನು ನೋಡಿ ನನಗೆ ಅಳು ಬಂತು.

ವಿರಾಮದಲ್ಲಿ ಅಜ್ಜಿ ನನ್ನ ಮುಂದೆ ಬಂದು ಬಗ್ಗಿ, ನನ್ನ ಬೂಟಿನ ಜಿಪ್ ಎಳೆದರು.

"ವಾಟ್ ಆರ್ ಯು ಡೂಯಿಂಗ್, ಅಜ್ಜಿ?"

"ಬಾಯ್ಮುಚ್ಚು. ಮನೇಲಿ ಹೇಗೆ ಕೂತ್ಕೋತೀಯೋ ಹಾಗೆ ಕೂತ್ಕೋ. ಕಾಲು ನೇತಾಡಿಸ್ಕೊಂಡು ಯಾರಾದ್ರೂ ಕೇರಂ ಆಡ್ತಾರಾ?"

ಕುರ್ಚಿಯ ಮೇಲೆ ಕಾಲು ಮಡಚಿ ಚಕ್ಕಳಮಕ್ಕಳ ಹಾಕಿ ಕೂತೆ. ಒಂದು ಗೇಣು ಎತ್ತರವಾದೆ. ಹಲಗೆ ಇಡಿಯಾಗಿ ಕಂಡಿತು. ರಾನ್ ತಕ್ಷಣ ಕೈಯೆತ್ತಿದ. "ಇದು ನಡೆಯುತ್ತಾ?"

ಚೌಕಳಿ ಅಂಗಿಯ ಅಜ್ಜ ಕನ್ನಡಕ ಸರಿಮಾಡಿಕೊಂಡು ನನ್ನ ಕುರ್ಚಿಯ ಸುತ್ತ ಒಂದು ಸುತ್ತು ಬಂದರು. "ನಿಯಮ ಒಂದು ಪಕ್ಕ ಕೇಳುತ್ತೆ. ಹುಡುಗಿ ಎರಡೂ ಇಟ್ಟು ಕೂತಿದ್ದಾಳೆ. ಆಡಿ" ಎಂದರು.

ಅಲ್ಲಿಂದ ಮುಂದೆ ನಾನು ಏಳಲಿಲ್ಲ. ಮೂರನೇ ಸುತ್ತು ನಮ್ಮದಾಯಿತು. ಆದರೂ ಎರಡನೇ ಸುತ್ತಿನಲ್ಲಿ ನಾನು ಕಳೆದದ್ದು ಸೇರಿ ಒಟ್ಟು ಪಾಯಿಂಟ್ ಲೆಕ್ಕದಲ್ಲಿ ಎರಡೂ ಜೋಡಿ ಸಮ. ಸೂಪಿನ ಬಟ್ಟಲು ಹಿಡಿದುಕೊಂಡೇ ಜನ ನಮ್ಮ ಮೇಜಿನ ಸುತ್ತ ಸೇರಿದರು. ನಾಲ್ಕನೇ ಸುತ್ತಿನ ಕೊನೆಯ ಬಿಲ್ಲೆ ನನ್ನದು. ಹಲಗೆಯ ಮೇಲೆ ನಮ್ಮದೊಂದು, ಅವರದೊಂದು. ನಡುವಿನ ಕುಳಿಗೆ ಹತ್ತಿರವಿದ್ದ ಅವರದಕ್ಕೆ ಐದು ಪಾಯಿಂಟ್ ಜಾಸ್ತಿ. ರಾನ್ ಅದನ್ನು ಗೂಟದ ಹಿಂದೆ ಹೇಗೆ ಅಡಗಿಸಿದ್ದನೆಂದರೆ ನನಗೆ ಕಾಣುತ್ತಿದ್ದದ್ದು ಉಗುರಿನಷ್ಟು. ಅದನ್ನು ಹೊರಗೆ ಹಾಕಿದರೆ ನಾವು ಗೆದ್ದೆವು. ತಪ್ಪಿದರೆ ಹಲಗೆ ಫ್ಲಾರಿಡಾಕ್ಕೆ.

ನಾನು ಅಜ್ಜಿಯನ್ನು ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಬೇಸ್‌ಮೆಂಟಿನ ಕಾರ್ಪೆಟ್ ಮೇಲೆ ಆ ಉಗುರಿನಷ್ಟು ಅಂಚನ್ನೇ ಸವರಿಕೊಂಡು ಹೋಗುವ ಕಟ್ ಹೊಡೆತವನ್ನು ಅವರು ನನ್ನಿಂದ ನೂರು ಸಲ ಹೊಡೆಸಿದ್ದರು. ಉಸಿರು ಹಿಡಿದೆ, ಹೊಡೆದೆ. ನನ್ನ ಬಿಲ್ಲೆ ಗೂಟವನ್ನು ಉಜ್ಜಿಕೊಂಡು ಹೋಗಿ ಟಕ್ ಎಂದಿತು. ರಾನ್‌ನ ಬಿಲ್ಲೆ ಓರೆಯಾಗಿ ಹೊರಟು, ಅಂಚಿನವರೆಗೆ ಜಾರಿ, ಅಲ್ಲಿ ಒಂದು ಕ್ಷಣ ಯೋಚಿಸಿ, ಕಾಲುವೆಗೆ ಬಿತ್ತು.

ಬೇಸ್‌ಮೆಂಟು ಹಾರಿಹೋಗುವಂತೆ ಕೂಗಿದರು. ದ್ರಾಕ್ಷಿ ಪಂಗಡದವರೂ ದ್ರಾಕ್ಷಿ ಬೇಡದವರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಜೀನ್ ಆಂಟಿ ಮೇಜು ಬಳಸಿ ಬಂದು ಮೊದಲು ತಬ್ಬಿದ್ದು ನನ್ನನ್ನಲ್ಲ, ಅಜ್ಜಿಯನ್ನು. ಇಬ್ಬರೂ ಅಳುತ್ತಿದ್ದರು, ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಏನೋ ಹೇಳುತ್ತಿದ್ದರು. ನಾನು ಅನುವಾದ ಮಾಡಲಿಲ್ಲ. ನಾನು ಕುರ್ಚಿಯ ಮೇಲೆ ಮಹಾರಾಣಿಯಂತೆ ಕೂತಿದ್ದೆ, ಇಳಿಯುವ ಮನಸ್ಸೇ ಇರಲಿಲ್ಲ. ರಾನ್ ಬಂದು ನನ್ನ ನೀಲಿ ಉಗುರಿನ ಬೆರಳನ್ನು ಮಾತ್ರ ಹಿಡಿದು ಕುಲುಕಿದ. ಹೊರಡುವಾಗ ಹಿಮ ಬೀಳುತ್ತಿತ್ತು. ತನ್ನ ಕೋಟನ್ನೇ ಹಲಗೆಗೆ ಸುತ್ತಿ, ಬರೀ ಅಂಗಿಯಲ್ಲಿ ಕಾರಿನವರೆಗೆ ಹೊತ್ತುಕೊಂಡು ಬಂದು ಇಟ್ಟದ್ದು ಅವನೇ.

ಮಾರ್ಚಿನಲ್ಲಿ ಅಜ್ಜಿ ಮೈಸೂರಿಗೆ ಹಿಂತಿರುಗಿದರು, ಆಮೇಲೆ ಈ ದೇಶಕ್ಕೆ ಬರಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಹೋಗಿಬಿಟ್ಟರು. ಜೀನ್ ಆಂಟಿ ತೊಂಬತ್ತರ ಹತ್ತಿರದವರೆಗೂ ಇದ್ದರು. ಆ ಚರ್ಚಿನ ಬೇಸ್‌ಮೆಂಟಿನ ಕೂಟ ಅವರಿಗಿಂತ ಮೊದಲೇ ನಿಂತಿತ್ತು. ಮಕ್ಕಳು ಬರಲಿಲ್ಲ, ಮೊಮ್ಮಕ್ಕಳಿಗೆ ಗೊತ್ತೇ ಇರಲಿಲ್ಲ. ಇತ್ತೀಚೆಗೆ ನಮ್ಮ ಕನ್ನಡ ಕೂಟದ ಹಬ್ಬಕ್ಕೆ ಹೋದಾಗ ಸಭಾಂಗಣದ ಹಿಂಭಾಗದಲ್ಲಿ ಕೇರಂ ಬೋರ್ಡು ಗೋಡೆಗೆ ಒರಗಿತ್ತು, ಅದರ ಮುಂದೆ ಜಾಕೆಟ್ಟುಗಳ ರಾಶಿ.

ಜೀನ್ ಆಂಟಿ ತೀರಿಕೊಂಡ ಮೂರು ತಿಂಗಳಿಗೆ ಈಗ ನಾನಿರುವ ಲಿಸ್ಲ್ ಊರಿನ ನಮ್ಮ ಮನೆ ಬಾಗಿಲಿಗೆ ದೊಡ್ಡದೊಂದು ಚಪ್ಪಟೆ ಪೆಟ್ಟಿಗೆ ಬಂತು, ಫ್ಲಾರಿಡಾದಿಂದ. ಅಕ್ಕನ ಮನೆ ಖಾಲಿ ಮಾಡಲು ಬಂದಿದ್ದ ರಾನ್ ಹಲಗೆಯನ್ನು ಜೊತೆಗೆ ಒಯ್ದಿದ್ದನಂತೆ, ಮನಸ್ಸು ಒಪ್ಪದೆ ಕಳಿಸಿದ್ದ. ಒಳಗೆ ನಡುಗುವ ಕೈಯ ಚೀಟಿ: "ಗೆದ್ದವರು ಇಬ್ಬರು. ಒಬ್ಬಳು ಉಳಿದಿದ್ದೀಯ. ಎರಡೂ ಪಕ್ಕ ಕುರ್ಚಿಯ ಮೇಲಿರಲಿ."

ಈಗ ಶನಿವಾರ ಮಧ್ಯಾಹ್ನ ಮಗಳನ್ನು ಕಾಡಿ ಬೇಡಿ ಎದುರು ಕೂರಿಸಿಕೊಳ್ಳುತ್ತೇನೆ. ಎರಡು ಆಟವಾದ ಮೇಲೆ ಅವಳು "ಆರ್ ವಿ ಡನ್?" ಎನ್ನುತ್ತಾಳೆ. ನನ್ನನ್ನು ಸೋಲಿಸಲೇಬೇಕು ಎಂದು ಹಲ್ಲು ಕಚ್ಚಿ ಆಡುವವರು ಯಾರೂ ಉಳಿದಿಲ್ಲ, ಗೆದ್ದರೆ ಕೂಗುವ ಐವತ್ತು ಜನರೂ ಇಲ್ಲ. ಆದರೂ ಮಗಳು ಎದ್ದು ಹೋದ ಮೇಲೆ ನಾನು ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡೇ ಇರುತ್ತೇನೆ. ಹಲಗೆ ಒರೆಸುತ್ತೇನೆ, ಮೇಣ ತಿಕ್ಕುತ್ತೇನೆ. ಒಂದು ಗೂಟದ ಬುಡದಲ್ಲಿ ಮಾತ್ರ ಬಟ್ಟೆ ಆಡಿಸುವುದಿಲ್ಲ. ಅಲ್ಲಿ ಅಜ್ಜಿಯ ಪೌಡರ್ ಇನ್ನೂ ಬೆಳ್ಳಗೆ ಕೂತಿದೆ. ಅಷ್ಟು ವರ್ಷ ಮೇಣ ತಿಕ್ಕಿದ ಜೀನ್ ಆಂಟಿಯೂ ಅದನ್ನು ಒರೆಸಿರಲಿಲ್ಲ.