ಕೆಂಪು ದಾರ, ಹಳದಿ ದಾರ

ಹೋದ ತಿಂಗಳು ನಮ್ಮ ಶಾಲೆಗೆ ಟೆನಿಸ್ ಚೆಂಡಿನ ಡಬ್ಬಿಗಳು ಬಂದವು. ಮಕ್ಕಳು ಅವುಗಳಲ್ಲಿ ಆಡುವುದು ಕ್ರಿಕೆಟ್ಟೇ, ಟೆನಿಸ್ ಆಡಲು ನಮ್ಮಲ್ಲಿ ಜಾಗವೂ ಇಲ್ಲ, ಬಲೆಯೂ ಇಲ್ಲ. ಮೊದಲ ಡಬ್ಬಿಯ ಮುಚ್ಚಳ ಎಳೆದೆ. ಬುಸ್ಸೆಂದು ಗಾಳಿ ಹೊರಬಂತು, ಅದರ ಹಿಂದೆಯೇ ಹೊಸ ರಬ್ಬರಿನ ಆ ವಾಸನೆ... ನಾನು ಡಬ್ಬಿ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಹತ್ತಿರ ಬಂದು, "ಮಿಸ್, ತಲೆ ಸುತ್ತುತ್ತಾ?" ಎಂದಳು. ಏನೂ ಇಲ್ಲ ಎಂದೆ. ಇಷ್ಟು ವರ್ಷ ಯಾರು ಏನು ಕೇಳಿದರೂ ನಾನು ಕೊಟ್ಟಿರುವ ಉತ್ತರ ಅದೊಂದೇ.

ಕೆ.ಆರ್. ಪೇಟೆಯ ಈ ಪಿ.ಟಿ. ಮೇಡಂ ಒಂದು ಕಾಲದಲ್ಲಿ ವೃತ್ತಿಪರ ಟೆನಿಸ್ ತಂಡದಲ್ಲಿ ಕೆಲಸ ಮಾಡಿದವಳು ಎಂದರೆ ಇಲ್ಲಿ ಯಾರೂ ನಂಬುವುದಿಲ್ಲ. ನಂಬಿಸುವ ಗೋಜಿಗೆ ನಾನೂ ಹೋಗಿಲ್ಲ. ದುಡ್ಡಿದ್ದವರು ಊರಿಗೊಂದು ತಂಡ ಕಟ್ಟಿ, ಆಟಗಾರರನ್ನು ಹರಾಜಿನಲ್ಲಿ ಕೊಂಡು ಲೀಗ್ ಆಡಿಸುತ್ತಿದ್ದ ಕಾಲ ಅದು. ಕ್ರಿಕೆಟ್ಟಾಯಿತು, ಕಬಡ್ಡಿಯಾಯಿತು, ಟೆನಿಸ್ಸಿಗೂ ಬಂತು. ನಮ್ಮ ತಂಡದ ಮಾಲೀಕರು ನಾಗಮಂಗಲದ ಕಡೆಯವರು, ಬೆಂಗಳೂರಿನಲ್ಲಿ ಕಟ್ಟಡ ಕಟ್ಟಿಸಿ ಮೇಲೆ ಬಂದವರು. ಆಟಗಾರರು ದೇಶವಿದೇಶದವರಾದರೂ ಡ್ರೈವರು, ಅಡುಗೆಯವರು, ಸಾಮಾನು ನೋಡಿಕೊಳ್ಳುವವರು ಎಲ್ಲ ನಮ್ಮ ಕಡೆಯವರೇ ಆಗಬೇಕೆಂಬುದು ಅವರ ಹಟ. ಆಗತಾನೆ ದೈಹಿಕ ಶಿಕ್ಷಣದ ಕೋರ್ಸು ಮುಗಿಸಿ ಶೀಳನೆರೆಯ ನಮ್ಮ ಮನೆಯಲ್ಲಿ ಸುಮ್ಮನೆ ಕೂತಿದ್ದ ನನಗೆ ಹೆಣ್ಣು ಆಟಗಾರರ ಕಿಟ್ಟು ನೋಡಿಕೊಳ್ಳುವ ಕೆಲಸ ಸಿಕ್ಕಿದ್ದು ಹಾಗೆ.

ತಂಡ ಬದುಕಿದ್ದು ಮೂರೇ ಸೀಸನ್ನು. ಮೊದಲನೆಯದರಲ್ಲಿ ಕೊನೆಯ ಸ್ಥಾನ, ಎರಡನೆಯದರಲ್ಲಿ ಸೆಮಿಫೈನಲ್ಲು, ಮೂರನೆಯದರಲ್ಲಿ ಫೈನಲ್ಲು. ನಾನು ಸೇರಿದ್ದು ಆ ಮೂರನೆಯದಕ್ಕೆ. ಇವತ್ತು ಫೋನಿನಲ್ಲಿ ಹುಡುಕಿದರೆ ಆ ತಂಡದ ಒಂದೆರಡು ಫೋಟೊ ಸಿಗುತ್ತವೆ. ಅವುಗಳಲ್ಲಿ ಮಾಲೀಕರಿದ್ದಾರೆ, ಕೋಚಿದ್ದಾರೆ, ಒಂದರ ಮೂಲೆಯಲ್ಲಿ ಹಲ್ಲು ಕಿರಿದುಕೊಂಡು ನಾನೂ ಇದ್ದೇನೆ. ಗಟ್ಟಿಂಗಣ್ಣ ಮಾತ್ರ ಯಾವುದರಲ್ಲೂ ಇಲ್ಲ.

ರ‍್ಯಾಕೆಟ್ಟಿಗೆ ಗಟ್ಟು, ಅಂದರೆ ತಂತಿ ಹಾಕುವುದು ಅವರ ಕೆಲಸ. ಹಾಗಾಗಿ ಎಲ್ಲರಿಗೂ ಅವರು ಗಟ್ಟಿಂಗಣ್ಣ, ವಿದೇಶಿ ಆಟಗಾರರಿಗೂ ಅದೇ ಹೆಸರು. ಪಾಂಡವಪುರ ತಾಲೂಕು ಕ್ಯಾತನಹಳ್ಳಿಯವರು. ಹರೆಯದಲ್ಲಿ ಮೈಸೂರಿನ ಕ್ಲಬ್ಬೊಂದರಲ್ಲಿ ಚೆಂಡು ಆಯುತ್ತ, ಅಂಕಣಕ್ಕೆ ನೀರು ಹೊಡೆಯುತ್ತ ಈ ವಿದ್ಯೆ ಕಲಿತಿದ್ದರಂತೆ. ಐವತ್ತು ದಾಟಿದ್ದ, ಕಬ್ಬಿನ ಗದ್ದೆಯಲ್ಲಿ ಕಪ್ಪಾದ ಆಳು. ಆದರೆ ಬೆರಳುಗಳು ಮಾತ್ರ ಹೂ ಕಟ್ಟುವವರ ಬೆರಳಿನ ಹಾಗಿದ್ದವು. ಶ್ರೀರಂಗಪಟ್ಟಣದ ಆಚೆ ಹೊಳೆ ದಂಡೆಯ ರೆಸಾರ್ಟಿನಲ್ಲಿ ನಮ್ಮ ಕ್ಯಾಂಪು. ಅಲ್ಲಿನ ಹಿಂಬದಿಯ ಜಗಲಿಯಲ್ಲಿ ಮಷೀನು ಇಟ್ಟುಕೊಂಡು, ಉದ್ದದ ಎಳೆ ಮೊದಲು, ಅಡ್ಡದ ಎಳೆ ಆಮೇಲೆ, ಒಂದರ ಮೇಲೆ ಒಂದರ ಕೆಳಗೆ ನೇಯುತ್ತಿದ್ದರು. ಮುಗಿದ ಮೇಲೆ ಅಂಗೈಯಿಂದ ಒಮ್ಮೆ ತಟ್ಟಿ ಕಿವಿ ಕೊಡುವುದು. ಟಣ್ ಎಂದರೆ ಸರಿ, ಇಲ್ಲದಿದ್ದರೆ ಮತ್ತೆ ಬಿಚ್ಚಿ ಎಳೆಯುವುದು.

"ಒಬ್ಬೊಬ್ರುದು ಒಂದೊಂದ್ ಬಿಗಿ ಕಣವ್ವ," ಎಂದಿದ್ದರು ಒಮ್ಮೆ. "ಬಿಗಿ ಕಮ್ಮಿಯಾದ್ರೆ ಚೆಂಡು ಆರೋಯ್ತದೆ, ಜಾಸ್ತಿಯಾದ್ರೆ ಮೊಣಕೈ ಓಯ್ತದೆ. ಅವ್ರವ್ರ ಮನ್ಸು ನೋಡ್ಕಂಡು ಎಳೀಬೇಕು."

ಅವರಿಗೆ ಇಂಗ್ಲಿಷ್ ಬರೆಯಲು ಬರುತ್ತಿರಲಿಲ್ಲ. ಹಾಗಾಗಿ ಗುರುತಿಗೆ ರ‍್ಯಾಕೆಟ್ಟಿನ ಹಿಡಿಯ ಬುಡಕ್ಕೆ ಕಂಕಣದ ಹಾಗೆ ದಾರ ಕಟ್ಟುತ್ತಿದ್ದರು. ಕೆಂಪು ದಾರವೆಂದರೆ ಬಿಗಿ, ಪಂದ್ಯಕ್ಕೆ. ಹಳದಿಯೆಂದರೆ ಸಡಿಲ, ಅಭ್ಯಾಸಕ್ಕೆ. ಮೊದಲು ನಕ್ಕವರೆಲ್ಲ ಆಮೇಲೆ ಅದನ್ನೇ ನೆಚ್ಚಿಕೊಂಡರು. ನಮ್ಮ ಮುಖ್ಯ ಆಟಗಾರ್ತಿ ಯುರೋಪಿನ ಯಾವುದೋ ಸಣ್ಣ ದೇಶದವಳು, ಇಪ್ಪತ್ತೆರಡರ ಹುಡುಗಿ. ಅವಳು ಕಲಿತ ಮೊದಲ ಕನ್ನಡ ಪದಗಳೇ ಕೆಂಪು ಮತ್ತು ಹಳದಿ.

ಫೈನಲ್ಲಿನ ದಿನ ಬೆಳಿಗ್ಗೆ ಮಾಲೀಕರಿಗೆ ಪೂಜೆಯ ಯೋಚನೆ ಬಂತು. ಆಯುಧಪೂಜೆ ಕಳೆದು ತಿಂಗಳ ಮೇಲಾಗಿತ್ತು. "ನಮ್ ಆಯುಧ ಅಂದ್ರೆ ಬ್ಯಾಟೇ ತಾನೇ? ಪೂಜೆ ಇಲ್ದೆ ಕಳಿಸಕಿಲ್ಲ," ಎಂದು ಕೂತರು. ಪಟ್ಟಣದಿಂದ ಅರ್ಚಕರು ಬಂದರು. ರ‍್ಯಾಕೆಟ್ಟುಗಳನ್ನೆಲ್ಲ ಬಾಳೆ ಎಲೆಯ ಮೇಲೆ ಸಾಲಾಗಿ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಮೇಲೆ ತೀರ್ಥ ಪ್ರೋಕ್ಷಿಸಿದ್ದೂ ಆಯಿತು. ಹೊಸ ಗಟ್ಟಿನ ಸುರುಳಿ ತರಲು ಮೈಸೂರಿಗೆ ಹೋಗಿದ್ದ ಗಟ್ಟಿಂಗಣ್ಣ ಅಲ್ಲಿಂದ ನೇರವಾಗಿ ಬೆಂಗಳೂರಿನ ಸ್ಟೇಡಿಯಮ್ಮಿಗೆ ಬರುವವರಿದ್ದರು. ಪೂಜೆಗೆ ಅವರಿರಲಿಲ್ಲ.

ಮಂಗಳಾರತಿ ಮುಗಿಯುವುದಕ್ಕೂ ಬಸ್ಸು ಹಾರನ್ ಹೊಡೆಯುವುದಕ್ಕೂ ಸರಿಹೋಯಿತು. ಆ ಯುರೋಪಿನ ಹುಡುಗಿಯ ಮೂರು ರ‍್ಯಾಕೆಟ್ಟಿನ ಹಿಡಿಗಳೂ ಅರಿಶಿನ ಕುಂಕುಮದ ನೀರಿನಲ್ಲಿ ತೊಪ್ಪೆಯಾಗಿದ್ದವು. ಕೈ ಜಾರುತ್ತದೆಂದು ಅವಳು ಗಾಬರಿಯಾದಳು. ನಾನು ಒದ್ದೆ ಬಟ್ಟೆ ತಂದು, ಒರೆಸಲು ಅಡ್ಡಬಂದ ದಾರಗಳನ್ನು ಬಿಚ್ಚಿದೆ. ಎರಡು ಕೆಂಪು, ಒಂದು ಹಳದಿ. ಒರೆಸಿ ಮುಗಿಸಿ ನೋಡಿದರೆ ಒಂದು ರ‍್ಯಾಕೆಟ್ಟು ಮಾತ್ರ ಖಚಿತವಾಗಿ ಕೆಂಪಿನದು, ಅದನ್ನು ಬೇರೆ ಇಟ್ಟಿದ್ದೆ. ಉಳಿದ ಎರಡರಲ್ಲಿ ಯಾವುದು ಯಾವುದೆಂದು ತಿಳಿಯಲಿಲ್ಲ. ಗಟ್ಟಿಂಗಣ್ಣ ಮಾಡುತ್ತಿದ್ದ ಹಾಗೆ ತಟ್ಟಿ ನೋಡಿದೆ. ಎರಡೂ ಒಂದೇ ಥರ ಕೇಳಿಸಿದವು. ಆಚೆ ಹಾರನ್ ಮೇಲೆ ಹಾರನ್... ಇದೇ ಇರಬೇಕು ಅಂದುಕೊಂಡು ಕಟ್ಟಿಬಿಟ್ಟೆ. ಸ್ಟೇಡಿಯಮ್ಮಿನಲ್ಲಿ ಅಣ್ಣ ಸಿಗುತ್ತಾರೆ, ಕೇಳಿದರಾಯಿತು ಎಂದೂ ಅಂದುಕೊಂಡೆ. ಅಲ್ಲಿನ ದೀಪ, ಡೋಲು, ಜನ ನೋಡಿ ಅದು ಮರೆತೇಹೋಯಿತು.

ತಂಡ ಟೆನಿಸ್ಸಿನಲ್ಲಿ ಒಬ್ಬೊಬ್ಬರು ಒಂದೊಂದು ಸೆಟ್ ಆಡುತ್ತಾರೆ. ಕೊನೆಗೆ ಎಲ್ಲರ ಗೇಮುಗಳನ್ನೂ ಕೂಡಿ ಯಾರು ಗೆದ್ದರೆಂದು ಹೇಳುವುದು. ಅವಳ ಸೆಟ್ಟಿನಲ್ಲಿ ಮೂರು-ಮೂರು ಸಮ ಆಗಿದ್ದಾಗ ಮೊದಲ ರ‍್ಯಾಕೆಟ್ಟಿನ ತಂತಿ ಹರಿಯಿತು. ಓಡಿಬಂದು ಕೈಚಾಚಿ "ಕೆಂಪು" ಎಂದಳು. ಕೆಂಪು ದಾರ ಇದ್ದದ್ದನ್ನು ನಾನೇ ಕೊಟ್ಟೆ. ಮುಂದಿನ ಚೆಂಡು ಗೆರೆ ದಾಟಿ ಹಾರಿತು. ಅದರ ಮುಂದಿನದೂ ಹಾರಿತು. ಅವಳು ತಂತಿಯನ್ನು ನೋಡಿದಳು, ದಾರವನ್ನು ನೋಡಿದಳು, ನಮ್ಮ ಕಡೆ ನೋಡಿದಳು. ಉಳಿದದ್ದು ಹಳದಿ, ಅದು ಇನ್ನೂ ಸಡಿಲವೆಂದು ಅವಳ ಲೆಕ್ಕ. ಹಾಗಾಗಿ ಅದೇ ರ‍್ಯಾಕೆಟ್ಟಿನಲ್ಲಿ ಮೂರು ಗೇಮೂ ಸತತವಾಗಿ ಸೋತಳು. ಒಟ್ಟಿನಲ್ಲಿ ತಂಡ ಸೋತದ್ದು ಎರಡೇ ಗೇಮಿನಿಂದ.

ಆಟ ಮುಗಿದ ಮೇಲೆ ಒಳಗೆ ಅವಳು ರ‍್ಯಾಕೆಟ್ಟನ್ನು ಗಟ್ಟಿಂಗಣ್ಣನ ಮುಂದೆ ಹಿಡಿದಳು. ಅವರು ಅಂಗೈಯಿಂದ ತಟ್ಟಿದರು. ಮುಖ ಕಪ್ಪಿಟ್ಟಿತು. ಹಳದಿ ಕಟ್ಟಬೇಕಾದ್ದಕ್ಕೆ ಕೆಂಪು ಕಟ್ಟಿದೆ, ನನ್ನದೇ ತಪ್ಪು ಎಂದು ತಾವಾಗಿಯೇ ಹೇಳಿದರು. ಯಾರೂ ಅವರನ್ನು ಇನ್ನೂ ದೂರಿರಲಿಲ್ಲ.

"ಏನಯ್ಯಾ, ಒಂದು ದಾರ ಕಟ್ಟಕ್ಕೂ ಬರಕಿಲ್ವಾ ನಿಂಗೆ?" ಎಂದರು ಮಾಲೀಕರು. ಅಷ್ಟೂ ಜನರ ಎದುರು ಕೇಳಿದ ಮಾತು ಅದು.

ನಾನು ಬಾಗಿಲ ಪಕ್ಕ ನಿಂತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅರಿಶಿನದ ಬೆರಳುಗಳನ್ನು ದುಪಟ್ಟದೊಳಗೆ ಬಚ್ಚಿಟ್ಟುಕೊಂಡೆ. ಸೀಸನ್ ಮುಗಿದ ಮೇಲೆ ಒಳ್ಳೆಯ ಸರ್ಟಿಫಿಕೇಟು ಕೊಡಿಸುತ್ತೇನೆ, ಯಾವುದಾದರೂ ಶಾಲೆಗೆ ಹೇಳುತ್ತೇನೆ ಎಂದು ಮಾಲೀಕರು ನನಗೆ ಮಾತು ಕೊಟ್ಟಿದ್ದರು. ಅದು ತಪ್ಪಿಹೋದೀತೆಂಬ ಭಯ, ಅಷ್ಟೇ. ಬೇರೆ ದೊಡ್ಡ ಕಾರಣವೇನೂ ಇರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಬರೆ ಬೀಳುವುದನ್ನು ನಾನು ಎದುರಿಗೇ ನಿಂತು ನೋಡಿದೆ.

ಮುಂದಿನ ವರ್ಷ ತಂಡವೇ ಇರಲಿಲ್ಲ. ಮಾಲೀಕರ ಕಟ್ಟಡದ ವ್ಯವಹಾರ ಕುಸಿದಿತ್ತು, ಫೈನಲ್ ಗೆದ್ದಿದ್ದರೂ ಅವರು ಬಿಡುವವರೇ ಇದ್ದರೆಂದು ಆಮೇಲೆ ತಿಳಿಯಿತು. ಆದರೆ ನಮ್ಮ ಜನಕ್ಕೆ ಅಷ್ಟುದ್ದದ ಕಥೆ ಬೇಡ. ದಾರ ತಪ್ಪು ಕಟ್ಟಿ ತಂಡ ಮುಳುಗಿಸಿದ ಎಂಬ ಮಾತು ಕ್ಯಾತನಹಳ್ಳಿಯವರೆಗೂ ಹೋಯಿತು. ನನಗೆ ಸರ್ಟಿಫಿಕೇಟು ಸಿಕ್ಕಿತು, ಕೆಲಸವೂ ಸಿಕ್ಕಿತು. ಗಟ್ಟಿಂಗಣ್ಣ ಮಷೀನು ಮಾರಿ ಕಬ್ಬಿಗೆ ಮರಳಿದರು. ಮೈಸೂರಿನಿಂದ ಹಳಬರು ರ‍್ಯಾಕೆಟ್ಟು ತಂದರೆ ಮುಟ್ಟುತ್ತಲೂ ಇರಲಿಲ್ಲವಂತೆ.

ಎರಡು ವರ್ಷದ ಮೇಲೆ ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ಸಣ್ಣಗಾಗಿದ್ದರು. ನನ್ನ ಕೆಲಸದ ಸುದ್ದಿ ಕೇಳಿ ನಿಜವಾಗಿಯೂ ಸಂತೋಷಪಟ್ಟು, ಹಟ ಮಾಡಿ ಕಾಫಿ ಕುಡಿಸಿದರು. ಆಮೇಲೆ ಲೋಟ ಕೆಳಗಿಟ್ಟರು.

"ಒಂದ್ ಮಾತು ಕೇಳ್ತೀನಿ ಕಣವ್ವ. ನಾನು ದಾರ ಕಟ್ವಾಗ ನೀನು ಪಕ್ಕದಲ್ಲೇ ಕೂತಿದ್ದಲ್ಲ, ಫೈನಲ್ ಇಂದಿನ್ ದಿನ ಸಂಜೆ. ನಾನು ಸರ್ಯಾಗೇ ಕಟ್ಟಿದ್ದೆ ಅನ್ಸ್ತದೆ. ಕಣ್ಣ್ ಮುಚ್ಚುದ್ರೆ ಅಂಗೇ ಕಾಣ್ತದೆ. ಆದ್ರೆ ಆ ಬ್ಯಾಟು ತಟ್ಟಿದ್ದೂ ನಾನೇಯ... ನಂಗೇ ಭ್ರಮೆನಾ ಅಂತ. ನೀನ್ ನೋಡಿದ್ದಾ?"

ಹೇಳಿಬಿಡಬಹುದಿತ್ತು. ಈಗ ಕಳೆದುಕೊಳ್ಳಲು ಏನೂ ಇರಲಿಲ್ಲ, ನೌಕರಿ ಕಾಯಂ ಆಗಿತ್ತು. ಆದರೆ ಎರಡು ವರ್ಷ ಮುಚ್ಚಿಟ್ಟ ಮಾತು ಮೊದಲಿನ ಮಾತಾಗಿ ಉಳಿದಿರಲಿಲ್ಲ, ಅದಕ್ಕೆ ಎರಡು ವರ್ಷದ ನಾಚಿಕೆ ಸೇರಿಕೊಂಡಿತ್ತು. "ನೆನಪಿಲ್ಲಣ್ಣ," ಎಂದೆ. ಅವರು ತಲೆ ಆಡಿಸಿದರು. "ಎಲ್ಲಿ ನೆನಪಿರ್ತದೆ ಬುಡು," ಎಂದು ಕೆ.ಆರ್. ಪೇಟೆ ಬಸ್ಸಿಗೆ ನನಗೆ ಸೀಟು ಹಿಡಿದುಕೊಟ್ಟು ಹೋದರು.

ಆಮೇಲೆ ಅವರು ನನ್ನನ್ನು ಬಿಡಲಿಲ್ಲ. ಹಬ್ಬದಲ್ಲಿ ಯಾರಾದರೂ ಕೈಗೆ ಕಂಕಣ ಕಟ್ಟಲು ಬಂದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ಶಾಲೆಯ ಕಬ್ಬಿಣದ ಗೇಟು ಟಣ್ ಎಂದರೆ, ಅಂಗೈ ತಟ್ಟಿ ಕಿವಿಗೊಟ್ಟು ನಿಂತ ಅವರ ಮುಖ ಬರುತ್ತದೆ. ಕಾಯುತ್ತಿರುವ ಮುಖ ಅದು. ಬೈದಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

ಅವರು ತೀರಿಕೊಂಡರೆಂದು ನಮ್ಮ ಹಳೆಯ ಬಸ್ ಡ್ರೈವರು ಫೋನಿನಲ್ಲಿ ಹೇಳಿದಾಗಲೇ ಮೂರು ತಿಂಗಳಾಗಿಹೋಗಿತ್ತು. ಆಗಲೂ ನಾನು ಹೋಗಲಿಲ್ಲ. ಚೆಂಡಿನ ಡಬ್ಬಿ ತೆರೆದ ವಾರದ ಭಾನುವಾರ, ಇನ್ನು ತಡೆಯಲಾರೆನೆನಿಸಿ ಕ್ಯಾತನಹಳ್ಳಿಯ ಬಸ್ಸು ಹತ್ತಿದೆ.

ಗಟ್ಟಿಂಗಣ್ಣನ ಹೆಂಡತಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ಯಾರೆಂದು ಹೇಳಿಕೊಂಡೆ. "ಬಾವ್ವ, ಕೂತ್ಕೊ, ನಿನ್ ಇಸ್ಯ ಯೋಳೋರು," ಎಂದು ಚಾಪೆ ಹಾಕಿದರು. ನಾನೂ ಮೊರಕ್ಕೆ ಕೈ ಹಾಕಿ ಕಾಯಿ ಸುಲಿಯತೊಡಗಿದೆ. ಸುಲಿಯುತ್ತಲೇ, ತಲೆ ಎತ್ತದೆ, ಎಲ್ಲ ಹೇಳಿದೆ. ಪೂಜೆ, ಒದ್ದೆ ಬಟ್ಟೆ, ಎರಡು ರ‍್ಯಾಕೆಟ್ಟು, ಬಸ್‌ಸ್ಟ್ಯಾಂಡಿನಲ್ಲಿ ಅವರು ಕೇಳಿದ್ದು, ನಾನು ಹೇಳಿದ ಸುಳ್ಳು. ತಪ್ಪಾಯಿತು ಎಂದೆ. ಅಳು ಬಂತು.

ಅವರು ಬೈಯಲಿಲ್ಲ. ಮೊರದಲ್ಲಿ ಉಳಿದಿದ್ದ ಕಾಯಿಗಳನ್ನೆಲ್ಲ ಸುಲಿದು ಮುಗಿಸಿದರು.

"ಉಣ್ವಾಗ ತುತ್ತು ಕೈಲಿಡ್ಕಂಡೇ ಕೂತ್ಬುಡೋರು," ಎಂದರು ಕೊನೆಗೆ. "ಸರ್ಯಾಗೇ ಕಟ್ಟಿದ್ನಲ್ಲಾ ಅನ್ನೋರು. ಸಾಯೋಗಂಟ ಅದೇಯ. ಇದ್ದಾಗ ಬಂದು ಒಂದ್ ಮಾತು ಯೋಳಿದ್ರೆ, ಒಂದೊತ್ತಾದ್ರೂ ನೆಮ್ದಿಯಾಗಿ ಉಣ್ಣೋರು ಕಣವ್ವ."

ಎದ್ದು ಒಳಗೆ ಹೋಗಿ ಒಲೆಯ ಮೇಲೆ ಸಾರಿಗಿಟ್ಟರು. ಊಟಕ್ಕೆ ಇರು ಎಂದರು. ನಾನು ಇದ್ದೆ. ತಟ್ಟೆಗೆ ಮುದ್ದೆ ಹಾಕಿ, ಸಾರು ಬಿಟ್ಟು ಎದುರಿಗೆ ಕೂತರು. ಮುರಿದ ತುತ್ತು ನನ್ನ ಕೈಯಲ್ಲೇ ತಣ್ಣಗಾಯಿತು.