ಗೇಟಿನಾಚೆಯ ಫಕೀರವ್ವ

“ಮಮ್ಮಿ, ಶೇಂಗಾದ ಆಯಿ ಪಾರ್ಕಿನೊಳಗ ಯಾಕ ಬರೂದಿಲ್ಲ?”

ಗಜೇಂದ್ರಗಡದ ಉದ್ಯಾನದ ಮುಂದೆ ಮಗಳು ಹೀಗೆ ಕೇಳಿದಾಗ ಉಮಾಶ್ರೀ ಬಗ್ಗಿ ಅವಳ ಚಪ್ಪಲಿಯ ಪಟ್ಟಿ ಬಿಗಿಯತೊಡಗಿದಳು. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಉತ್ತರದಲ್ಲಿ ಆ ಮಗಳ ಅಜ್ಜನೇ ಇದ್ದರು.

ಗೇಟಿನ ಪಕ್ಕ ಹುರಿದ ಶೇಂಗಾದ ಬುಟ್ಟಿ ಇಟ್ಟುಕೊಂಡು ಕೂರುವ ಫಕೀರವ್ವ ಒಂದು ಕಾಲಕ್ಕೆ ಈ ಗೇಟನ್ನೇ ಕಾಯುತ್ತಿದ್ದವಳು. ಪುರ್ತಗೇರಿಯಲ್ಲಿ ಮಂದಿಯ ಹೊಲದಲ್ಲಿ ಬಗ್ಗಿ ಬಗ್ಗಿ ನಡು ಬಿದ್ದುಹೋದ ಮೇಲೆ ಗುತ್ತಿಗೆದಾರನೊಬ್ಬ ಈ ಕೆಲಸ ಕೊಟ್ಟಿದ್ದ. ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಆಕೆಯ ಮನೆತನದಲ್ಲೇ ಯಾರಿಗೂ ಸಿಕ್ಕಿರಲಿಲ್ಲ. ಬೆಳಗ್ಗೆ ಬೀಗ ತೆಗೆಯುತ್ತಿದ್ದಳು, ಕಸ ಗುಡಿಸುತ್ತಿದ್ದಳು, ಕಿರುಗುಟ್ಟುವ ಜೋಕಾಲಿಯ ಸರಪಳಿಗೆ ಮನೆಯಿಂದ ತಂದ ಎಣ್ಣೆ ಬಿಡುತ್ತಿದ್ದಳು. ಎಣ್ಣೆ ಬಿಡೆಂದು ಯಾರೂ ಹೇಳಿರಲಿಲ್ಲ.

ಕೊರೊನಾದಲ್ಲಿ ಮುಚ್ಚಿದ ಉದ್ಯಾನ ಮತ್ತೆ ತೆರೆದಾಗ ಆಕೆಯ ಕೈಗೆ ಜ್ವರ ನೋಡುವ ಗನ್ನು ಬಂತು, ಗೇಟಿನ ಮುಂದೆ ಸುಣ್ಣದ ವೃತ್ತಗಳು ಬಂದವು. ಒಬ್ಬರು ಹೊರಬಿದ್ದರೆ ಇನ್ನೊಬ್ಬರು ಒಳಗೆ. ಸಣ್ಣ ಮಕ್ಕಳು, ಬಸುರಿಯರು, ಅರವತ್ತೈದು ದಾಟಿದವರು ಬರುವಂತೆಯೇ ಇಲ್ಲ. ಮುದುಕರೆಲ್ಲ ವಯಸ್ಸು ಇಳಿಸಿ ಹೇಳುತ್ತಿದ್ದರು. “ಮೀಸಿಗಿ ಬಣ್ಣ ಹಚ್ಚಿದ್ರ ಜಡ್ಡಿಗಿ ತಿಳಿಯೂದಿಲ್ಲೇನ್ರಿ ಯಜಮಾನ್ರ?” ಎಂದು ನಗಿಸಿಯೇ ಫಕೀರವ್ವ ಅವರನ್ನು ತಿರುಗಿ ಕಳಿಸುತ್ತಿದ್ದಳು. ಬಸುರಿಯಾಗಿದ್ದ ಉಮಾಶ್ರೀಯನ್ನೂ ತಡೆದಿದ್ದಳು. ತಡೆದು, ಹೊರಗಿನ ಬೇವಿನ ನೆರಳಿಗೆ ತನ್ನದೇ ಕುರ್ಚಿ ತಂದು ಹಾಕಿದ್ದಳು.

ಆ ಕುರ್ಚಿಯಲ್ಲಿ ಕೂತಿದ್ದಾಗಲೇ ಒಂದು ಸಂಜೆ ಉಮಾಶ್ರೀಯ ಮಾವ ಗುರುಸಂಗಪ್ಪ ಬಂದರು. ಪೇಟೆಯಲ್ಲಿ ರೈತರ ಮಾಲು ಮಾರಿಸುವ ಅಡತಿ ಅಂಗಡಿ, ಎಪ್ಪತ್ತರ ವಯಸ್ಸು. ವಾಕಿಂಗ್ ತಪ್ಪಿದ್ದಕ್ಕೆ ಮನೆಯವರ ಮೇಲೆಲ್ಲ ಹರಿಹಾಯುತ್ತಿದ್ದವರು. ಫಕೀರವ್ವ ಕೈಮುಗಿದಳು, ಗೇಟು ಮಾತ್ರ ತೆರೆಯಲಿಲ್ಲ. ಕಾಯ್ದೆ ಎಲ್ಲರಿಗೂ ಒಂದೇ ಎಂದಳು.

ಗುರುಸಂಗಪ್ಪ ಸಿಟ್ಟಾಗಲಿಲ್ಲ. ಮಾಸ್ಕನ್ನು ಗದ್ದಕ್ಕೆ ಇಳಿಸಿ ಕೇಳಿದರು. “ನಿನಗೆಷ್ಟ ವಯಸ್ಸ ಫಕೀರವ್ವಾ?”

ಆಕೆ ಬೆಪ್ಪಾದಳು. ಐವತ್ತರ ಆಸುಪಾಸು ಇದ್ದೀತು. ಆದರೆ ಗಂಡ ಮನೆ ಬಿಟ್ಟು ಹೋದ ವರ್ಷ, ಮುದುಕರ ಪಿಂಚಣಿ ಲಗೂ ಸಿಗಲಿ ಎಂದು ಆಧಾರ್ ಕಾರ್ಡಿನಲ್ಲಿ ಹದಿನೈದು ವರ್ಷ ಏರಿಸಿ ಬರೆಸಿಕೊಟ್ಟವರು ಇದೇ ಗುರುಸಂಗಪ್ಪ. ಊರಲ್ಲಿ ಎಷ್ಟೋ ಮಂದಿಗೆ ಹಾಗೆ ಮಾಡಿಸಿ ಪುಣ್ಯ ಕಟ್ಟಿಕೊಂಡವರು.

“ನಿಮಗ ಗೊತ್ತೈತೆಲ್ರಿ ಸಾವ್ಕಾರ್ರ. ನೀವ ಬರಸಿದ್ರಿ.”

“ಕಾರ್ಡಿನ್ಯಾಗ ಇದ್ದದ್ದ ಖರೇ. ಮುದುಕಿ ನೀನ ಗೇಟಿನ್ಯಾಗ ನಿಂತೀದಿ, ನನಗ ಕಾಯ್ದಿ ಹೇಳತಿ.”

ವೃತ್ತಗಳಲ್ಲಿ ನಿಂತಿದ್ದವರು ನಕ್ಕರು. ಮುಂದಿನ ವಾರವೇ ಗುತ್ತಿಗೆದಾರ ಗನ್ನು ಕಸಿದುಕೊಂಡು ಆಕೆಯನ್ನು ಕೆಲಸದಿಂದ ಬಿಡಿಸಿದ. ಕಾರ್ಡಿನ ಲೆಕ್ಕಕ್ಕೆ ಅರವತ್ತೈದು ದಾಟಿದವಳನ್ನು ಇಟ್ಟುಕೊಂಡರೆ ತನಗೇ ತೊಂದರೆ ಎಂದ. ಹೊಸ ಕಾವಲುಗಾರ ಗುರುಸಂಗಪ್ಪನವರನ್ನು ದೂರದಿಂದ ಕಂಡರೇ ಗೇಟು ತೆರೆದು ನಿಲ್ಲುತ್ತಿದ್ದ. ಊಟ ಬಡಿಸುತ್ತ ಉಮಾಶ್ರೀ ಒಮ್ಮೆ ಆ ಮಾತು ತೆಗೆದಳು.

“ಪಿಂಚಣಿ ಬರ್ತೈತಲ್ಲವಾ ಆಕಿಗೆ. ಕೊಡಿಸಿದಾಂವ ಯಾರು?” ಎಂದು ಮಾವ ಮಜ್ಜಿಗೆಗೆ ಬಟ್ಟಲು ಒಡ್ಡಿದರು.

ರೋಗ ಹೋಯಿತು, ಕಾಯ್ದೆಯೂ ಹೋಯಿತು. ಕಾರ್ಡಿನ ವಯಸ್ಸು ಹೋಗಲಿಲ್ಲ. ಅದನ್ನು ಇಳಿಸಿದರೆ ಪಿಂಚಣಿ ನಿಲ್ಲುತ್ತದೆ; ಇಳಿಸದಿದ್ದರೆ ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಮಾವ ಈಗಲೂ ದಿನಾ ಆ ಬುಟ್ಟಿಯ ಪಕ್ಕದಲ್ಲೇ ಹಾದು ಒಳಗೆ ನಡೆಯುತ್ತಾರೆ. ಫಕೀರವ್ವ ಕೈಮುಗಿಯುತ್ತಾಳೆ. ಗನ್ನು ಕಸಿದುಕೊಂಡ ದಿನದಿಂದ ಆಕೆ ಮಾತ್ರ ಒಳಗೆ ಕಾಲಿಟ್ಟಿಲ್ಲ.

ಮಗಳು ತಾಯಿಯ ಕೈ ಬಿಡಿಸಿಕೊಂಡು ಹೋಗಿ ಫಕೀರವ್ವನನ್ನೇ ಕೇಳಿಬಿಟ್ಟಳು.

“ನನಗ ವಯಸ್ಸಾಗೈತಿ ಕೂಸ,” ಎಂದಳು ಫಕೀರವ್ವ, ಅದರ ಅಂಗೈಗೆ ಶೇಂಗಾ ಸುರಿಯುತ್ತ.

ಒಳಗೆ ಜೋಕಾಲಿ ಕಿರ್ರೆಂದಿತು. ಫಕೀರವ್ವ ಮುಖ ಕಿವುಚಿದಳು. ಬುಟ್ಟಿಯ ಅಡಿಯಿಂದ ಒಂದು ಸಣ್ಣ ಬಾಟಲಿ ತೆಗೆದು ಉಮಾಶ್ರೀಯ ಕೈಗೆ ಇಟ್ಟಳು.

“ಆ ದನಿ ಕೇಳಾಕ ಆಗವಲ್ದವಾ. ಕೂಸಿನ್ನ ಕೂಡಸೂ ಮುಂಚೆ ಮ್ಯಾಲಿನ ಕೊಂಡಿಗಿ ನಾಕ ಹನಿ ಎಣ್ಣಿ ಬಿಡು. ನಾ ಕೊಟ್ಟೆ ಅಂತ ಮನ್ಯಾಗ ಹೇಳಬ್ಯಾಡ.”